ಅಮಾಂಗ್ ಅಸ್‌ನಲ್ಲಿ ಸುಳ್ಳುಗಾರರನ್ನು ಹಿಡಿಯುವುದು: ದನಿ ಬಿಡಿ, ಜಾಗ ಕೇಳಿ

ಶನಿವಾರ ರಾತ್ರಿ ಊಟ ಆದಮೇಲೆ ನಮ್ಮ ಕಡೆಯ ಹತ್ತು ಜನ ಫೋನ್ ಹಿಡಿದು ಕೂರುತ್ತೇವೆ. ದಾವಣಗೆರೆಯಿಂದ ದೊಡ್ಡಪ್ಪನ ಮಗ, ಮೈಸೂರಿನಿಂದ ಅಕ್ಕ ಮತ್ತು ಅವಳ ಮಕ್ಕಳು, ಡಲ್ಲಾಸ್‌ನಿಂದ ಚಿಕ್ಕಮ್ಮನ ಮಗಳು (ಅವಳಿಗೆ ಆಗ ಬೆಳಗಿನ ಹೊತ್ತು), ಹೀಗೆ. ಒಂದು ಕಡೆ ಗ್ರೂಪ್ ಕಾಲ್, ಇನ್ನೊಂದು ಕಡೆ ಅಮಾಂಗ್ ಅಸ್ ಅನ್ನುವ ಮೊಬೈಲ್ ಆಟ. ಒಬ್ಬೊಬ್ಬರದ್ದು ಒಂದೊಂದು ಬಣ್ಣ. ಜಾಸ್ತಿ ಜನ ಕ್ರೂಮೇಟ್, ಅವರು ಟಾಸ್ಕ್ ಅನ್ನುವ ಚಿಕ್ಕ ಚಿಕ್ಕ ಕೆಲಸ ಮುಗಿಸಬೇಕು; ಅವರ ನಡುವೆ ಅಡಗಿರುವ ಒಬ್ಬಿಬ್ಬರು ಇಂಪಾಸ್ಟರ್, ಅವರು ಗುಟ್ಟಾಗಿ ಕೊಲ್ಲುತ್ತಾರೆ. ದೇಹ ಕಂಡವರು ರಿಪೋರ್ಟ್ ಮಾಡಿದರೆ ಮೀಟಿಂಗ್, ಅಲ್ಲಿ ಮಾತಾಡಿ ವೋಟ್ ಹಾಕಿ ಒಬ್ಬರನ್ನು ಹೊರಗೆ ಕಳಿಸುತ್ತೇವೆ. ಈ ಆಟ ಬಂದಿದ್ದು 2018ರಲ್ಲಿ, ನಾವು ಹಿಡಿದಿದ್ದು ಎಲ್ಲರ ಹಾಗೆ 2020ರ ಲಾಕ್‌ಡೌನ್‌ನಲ್ಲಿ. ಇನ್ನೂ ಬಿಟ್ಟಿಲ್ಲ.

ಮೊದಲು ಒಂದು ವಿಷಯ ಹೇಳಬೇಕು, ಈ ಲೇಖನ ಬರೆಯೋಕೆ ಕಾರಣವೇ ಅದು. ನಮ್ಮ ಅತ್ತಿಗೆ ಆಟಕ್ಕೆ ಹೊಸಬರು, ಮಾತೂ ಕಮ್ಮಿ. ಮೊದಲ ಶನಿವಾರ ಸತತ ಮೂರು ಸುತ್ತು ಅವರನ್ನೇ ವೋಟ್ ಹಾಕಿ ಹೊರಗೆ ಕಳಿಸಿದೆವು. "ಅತ್ತಿಗೆ ಯಾಕೆ ಸುಮ್ನಿದ್ದಾರೆ? ದನಿ ನಡುಗ್ತಾ ಇದೆ ನೋಡ್ರೋ" ಅಂತ ಯಾರೋ ಒಬ್ಬರು ಅಂದರೆ ಸಾಕು, ಎಂಟು ವೋಟ್ ಬೀಳುತ್ತಿತ್ತು. ಮೂರೂ ಸಲ ಅವರು ಇಂಪಾಸ್ಟರ್ ಆಗಿರಲಿಲ್ಲ. ಮುಂದಿನ ಶನಿವಾರ ಕರೆದಾಗ "ನೀವು ಆಡಿ, ನಂಗೆ ಅಡುಗೆಮನೆ ಕೆಲಸ ಇದೆ" ಅಂದರು. ನನಗೆ ನಿಜಕ್ಕೂ ಬೇಜಾರಾಯಿತು. ಅವರನ್ನು ಹೊರಗೆ ಹಾಕಿದ್ದು ಸಾಕ್ಷಿ ಅಲ್ಲ, ಅವರ ಸ್ವಭಾವ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾವೆಲ್ಲ ಆ ಗಾದೆಯನ್ನು ತಪ್ಪಾಗಿ ಬಳಸುತ್ತಿದ್ದೆವು. ಹತ್ತು ಜನ ಒಟ್ಟಿಗೆ "ನೀನೇ ಕಳ್ಳ" ಅಂದರೆ ಕಳ್ಳ ಅಲ್ಲದವರೂ ಗಾಬರಿಯಾಗುತ್ತಾರೆ, ತೊದಲುತ್ತಾರೆ. ಮನುಷ್ಯರು ಸುಳ್ಳನ್ನು ಎಷ್ಟು ಸರಿಯಾಗಿ ಗುರುತಿಸುತ್ತಾರೆ ಅಂತ ಆಗಿನವರೆಗೆ ನಡೆದಿದ್ದ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಲೆಕ್ಕ ಕೊಟ್ಟರು: ಸರಾಸರಿ 54 ಶೇಕಡಾ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ದನಿ ಕೇಳಿ, ಮುಖ ನೋಡಿ ಕಳ್ಳನನ್ನು ಹಿಡಿಯುತ್ತೇನೆ ಅನ್ನುವವರ ಕೈಯಲ್ಲಿ ಇರುವುದು ಅಷ್ಟೇ.

ಹಾಗಾದರೆ ಏನು ನೋಡಬೇಕು? ಈ ಆಟದ ಬೇರು ಮಾಫಿಯಾ ಅನ್ನುವ ಆಟ. 1986ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ದಿಮಿತ್ರಿ ದವಿದೋಫ್ ಕಟ್ಟಿದ್ದು. ಅದರ ತಿರುಳು ಇಷ್ಟೇ: ಕೆಲವರಿಗೆ ಎಲ್ಲ ಗೊತ್ತು, ಉಳಿದ ಜಾಸ್ತಿ ಜನಕ್ಕೆ ಏನೂ ಗೊತ್ತಿಲ್ಲ. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ರಾಜ-ರಾಣಿ-ಕಳ್ಳ-ಪೊಲೀಸ್ ಚೀಟಿಯಲ್ಲಿ ಊಹೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಮುಖವನ್ನೇ ನೋಡಬೇಕಿತ್ತು. ಇಲ್ಲಿ ಹಾಗಲ್ಲ. ಇಲ್ಲಿ ಇಂಪಾಸ್ಟರ್ ಓಡಾಡುತ್ತಾನೆ, ಕೊಲ್ಲುತ್ತಾನೆ, ಮತ್ತೆ ಬಂದು ಕಥೆ ಹೇಳಬೇಕಾಗುತ್ತದೆ. ಆ ಕಥೆಯಲ್ಲಿ ಅವನಿಗೆ ಗೊತ್ತಿರಬಾರದ್ದು ಗೊತ್ತಿರುತ್ತದೆ, ಕಾಣಬಾರದ್ದು ಕಂಡಿರುತ್ತದೆ. ಅಲ್ಲೇ ಕೈ ಹಾಕಬೇಕು.

ನಾನು ಇಲ್ಲಿ ಹೇಳುವುದೆಲ್ಲ ಸ್ಕೆಲ್ಡ್ ಅನ್ನುವ ಬಾಹ್ಯಾಕಾಶ ನೌಕೆಯ ಮ್ಯಾಪ್ ಇಟ್ಟುಕೊಂಡು; ಮುಂದೆ ಬರುವ ಮೆಡ್‌ಬೇ, ಅಡ್ಮಿನ್, ಎಲೆಕ್ಟ್ರಿಕಲ್ ಎಲ್ಲ ಅದರ ರೂಮುಗಳು. ಹೊಸಬರು ಅದರಲ್ಲೇ ಕಲಿಯುವುದು ಒಳ್ಳೆಯದು.

ಮೊದಲ ಹೆಜ್ಜೆ: ಲಾಬಿಯಲ್ಲೇ ಸೆಟ್ಟಿಂಗ್ ಓದಿ

ಲಾಬಿ ಅಂದರೆ ಆಟ ಶುರುವಾಗುವ ಮುಂಚೆ ಎಲ್ಲರೂ ಸೇರುವ ಜಾಗ. ಅಲ್ಲಿ ಸೆಟ್ಟಿಂಗ್ ಯಾರೂ ಓದುವುದಿಲ್ಲ, ಆಮೇಲೆ ಜಗಳ ಆಡುತ್ತಾರೆ. ಮೂರು ವಿಷಯ ನೋಡಿದರೆ ಸಾಕು. ವಿಷುವಲ್ ಟಾಸ್ಕ್, ಅಂದರೆ ಮಾಡುವುದು ಬೇರೆಯವರಿಗೂ ಕಾಣುವ ಟಾಸ್ಕ್, ಆನ್ ಇದೆಯಾ? ಇದ್ದರೆ ಮೆಡ್‌ಬೇ ಸ್ಕ್ಯಾನ್ ಮಾಡುವಾಗ ಸುತ್ತ ಹಸಿರು ಬೆಳಕು ಬರುತ್ತದೆ, ವೆಪನ್ಸ್‌ನಲ್ಲಿ ಕಲ್ಲು ಹೊಡೆಯುವಾಗ ಗನ್ ಹಾರಿಸುವುದು ಹೊರಗೆ ಕಾಣುತ್ತದೆ. ಇಂಪಾಸ್ಟರ್‌ಗೆ ಇದನ್ನು ಮಾಡಿ ತೋರಿಸೋಕೆ ಆಗುವುದಿಲ್ಲ, ಹಾಗಾಗಿ ಇದು ಕಣ್ಣಾರೆ ಸಿಗುವ ಪಕ್ಕಾ ಸಾಕ್ಷಿ. ಎಲ್ಲರ ಟಾಸ್ಕ್ ಸೇರಿ ಎಷ್ಟು ಮುಗಿದಿದೆ ಅಂತ ತೋರಿಸುವ ಟಾಸ್ಕ್ ಬಾರ್ ಯಾವಾಗ ಏರುತ್ತದೆ, ಯಾವಾಗಲೂನಾ, ಮೀಟಿಂಗ್‌ನಲ್ಲಿ ಮಾತ್ರನಾ? ಮೂರನೆಯದು ರೋಲ್‌ಗಳು. 2021ರಿಂದ ಎಂಜಿನಿಯರ್ ಅನ್ನುವ ರೋಲ್ ಬಂದಿದೆ, ಅವನು ಕ್ರೂಮೇಟ್ ಆದರೂ ವೆಂಟ್‌ಗೆ (ಒಂದು ರೂಮಿನಿಂದ ಇನ್ನೊಂದಕ್ಕೆ ನುಸುಳುವ ಕಿಂಡಿ, ಮಾಮೂಲಾಗಿ ಇಂಪಾಸ್ಟರ್ ದಾರಿ) ಇಳಿಯಬಹುದು. ಜೊತೆಗೇ ಬಂದ ಶೇಪ್‌ಶಿಫ್ಟರ್ ಅನ್ನುವ ಇಂಪಾಸ್ಟರ್ ಬೇರೆಯವರ ಬಣ್ಣ ಹೊತ್ತು ತಿರುಗಬಹುದು. ಈ ರೋಲ್ ಆನ್ ಇದ್ದಾಗ "ಕೆಂಪು ಬಣ್ಣದವನು ವೆಂಟ್‌ನಿಂದ ಬಂದಿದ್ದನ್ನ ನಾನೇ ನೋಡಿದೆ" ಅನ್ನುವುದು ಮುಗಿದ ಮಾತಲ್ಲ, ಶುರುವಿನ ಮಾತು.

ಎರಡನೆಯದು: ನಿಮ್ಮ ಟಾಸ್ಕ್ ಪಟ್ಟಿಯೇ ಒಂದು ಸಾಕ್ಷಿ

ಆಟ ಶುರುವಾದ ತಕ್ಷಣ ಓಡಬೇಡಿ, ಪಟ್ಟಿಯನ್ನು ಎರಡು ಸೆಕೆಂಡ್ ನೋಡಿ. ಅಡ್ಮಿನ್ ರೂಮಿನಲ್ಲಿ ಕಾರ್ಡ್ ಉಜ್ಜುವುದು, ವೈರ್ ಜೋಡಿಸುವುದು, ಇವೆರಡು ಕಾಮನ್ ಟಾಸ್ಕ್. ಒಬ್ಬ ಕ್ರೂಮೇಟ್‌ಗೆ ಬಂದಿದ್ದರೆ ಎಲ್ಲ ಕ್ರೂಮೇಟ್‌ಗೂ ಬಂದಿರುತ್ತದೆ, ಇಲ್ಲದಿದ್ದರೆ ಯಾರಿಗೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಕಾರ್ಡ್ ಇಲ್ಲ, ಆದರೆ ಒಬ್ಬರು ಅಡ್ಮಿನ್‌ನಲ್ಲಿ ಕಾರ್ಡ್ ಮೆಷಿನ್ ಮುಂದೆ ನಿಂತು ಆಮೇಲೆ "ಕಾರ್ಡ್ ಸ್ವೈಪ್ ಮಾಡ್ತಾ ಇದ್ದೆ" ಅಂತಾರೆ ಅಂದರೆ ಅಲ್ಲಿಗೆ ಮುಗಿಯಿತು. ಎಚ್ಚರದ ಆಟಗಾರ ಈ ತಪ್ಪು ಮಾಡುವುದಿಲ್ಲ, ಆದರೆ ಆತುರದಲ್ಲಿ ಮಾಡಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೂರನೆಯದು: ಓಡಾಡುವಾಗ ಸಮಯ ಎಣಿಸಿ

ಟಾಸ್ಕ್ ಮಾಡುವಂತೆ ನಟಿಸುವವರು ಗೋಡೆ ಹತ್ತಿರ ಹೋಗಿ ನಿಲ್ಲುತ್ತಾರೆ, ಅಷ್ಟೇ. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದರಲ್ಲಿ ಎಡವುತ್ತಾರೆ. ಮೆಡ್‌ಬೇ ಸ್ಕ್ಯಾನ್‌ಗೆ ಸುಮಾರು 10 ಸೆಕೆಂಡ್ ಬೇಕು. ಡೌನ್‌ಲೋಡ್‌ಗೂ ಹೆಚ್ಚು ಕಮ್ಮಿ ಅಷ್ಟೇ. ಒಬ್ಬರು ಕಮ್ಯುನಿಕೇಷನ್ಸ್‌ನಲ್ಲಿ ಡೌನ್‌ಲೋಡ್ ಜಾಗಕ್ಕೆ ಹೋಗಿ ಮೂರೇ ಸೆಕೆಂಡಿಗೆ ಹೊರಟರೆ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಡೌನ್‌ಲೋಡ್ ಮಾಡಿದವರು ಆಮೇಲೆ ಅಪ್‌ಲೋಡ್‌ಗೆ ಅಡ್ಮಿನ್‌ಗೆ ಬರಲೇಬೇಕು, ಬಂದರಾ ಅಂತಲೂ ನೋಡಿ.

ಬಾರ್ ನೋಡಿ ತೀರ್ಪು ಕೊಡುವವರಿಗೆ ಒಂದು ಎಚ್ಚರಿಕೆ. ಎರಡು ಮೂರು ಹಂತ ಇರುವ ಟಾಸ್ಕ್‌ನಲ್ಲಿ ಕೊನೆಯ ಹಂತ ಮುಗಿದಾಗ ಮಾತ್ರ ಬಾರ್ ಏರುತ್ತದೆ. ಮೊದಲ ವೈರ್ ಜೋಡಿಸಿ ಹೊರಟವರ ಹಿಂದೆ ನಿಂತು "ಬಾರ್ ಏರ್ಲಿಲ್ಲ, ಇವ್ರು ಸುಳ್ಳು" ಅನ್ನುವುದು ಅನ್ಯಾಯ. ಅತ್ತಿಗೆಯನ್ನು ಎರಡನೇ ಸಲ ಹೊರಗೆ ಹಾಕಿದ್ದಕ್ಕೆ ಇದೂ ಒಂದು ಕಾರಣ.

ಹಾಗೇ ದಾರಿಯ ಉದ್ದ ಗೊತ್ತಿರಲಿ. ಸ್ಕೆಲ್ಡ್‌ನಲ್ಲಿ ಎಲೆಕ್ಟ್ರಿಕಲ್, ಮೆಡ್‌ಬೇ, ಸೆಕ್ಯುರಿಟಿ ಮೂರೂ ಒಂದೇ ವೆಂಟ್ ಸಾಲಿನಲ್ಲಿವೆ. ನಡೆದು ಹೋದರೆ ಎಲೆಕ್ಟ್ರಿಕಲ್‌ನಿಂದ ಮೆಡ್‌ಬೇಗೆ ಲೋವರ್ ಎಂಜಿನ್, ಅಪ್ಪರ್ ಎಂಜಿನ್ ಸುತ್ತಿಕೊಂಡೋ, ಸ್ಟೋರೇಜ್, ಕೆಫೆಟೇರಿಯಾ ಸುತ್ತಿಕೊಂಡೋ ಬರಬೇಕು. ಈಗಷ್ಟೇ ಎಲೆಕ್ಟ್ರಿಕಲ್ ಒಳಗೆ ಹೋದವರು ನೀವು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮೆಡ್‌ಬೇಯಿಂದ ಬಂದರೆ, ವೆಂಟ್‌ನಿಂದ ಬರುವುದನ್ನು ಕಣ್ಣಾರೆ ನೋಡಬೇಕಾಗಿಲ್ಲ. ಇನ್ನೊಂದು ಜೋಡಿ ಕೆಫೆಟೇರಿಯಾ ಮತ್ತು ಅಡ್ಮಿನ್, ಅದಕ್ಕೆ ಸೇರಿದ ಮೂರನೇ ಬಾಯಿ ನ್ಯಾವಿಗೇಷನ್ ಕಡೆಯ ಓಣಿಯಲ್ಲಿದೆ. ರಿಯಾಕ್ಟರ್‌ನಿಂದ ಎರಡೂ ಎಂಜಿನ್ ರೂಮಿಗೆ ಬೇರೆ ಬೇರೆ ವೆಂಟ್ ಇವೆ. ಇಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಆಟ ಬಂದ ಹಾಗೆ.

ಅಡ್ಮಿನ್ ರೂಮಿನಲ್ಲಿರುವ ಮ್ಯಾಪ್ ಟೇಬಲ್ ಬಗ್ಗೆ ಒಂದು ಮಾತು. ಅದು ಯಾವ ರೂಮಿನಲ್ಲಿ ಎಷ್ಟು ಜನ ಅಂತ ತೋರಿಸುತ್ತದೆ, ಯಾರು ಅಂತ ಅಲ್ಲ. ಸತ್ತು ಬಿದ್ದ ದೇಹವನ್ನೂ ಎಣಿಸುತ್ತದೆ. "ಅಡ್ಮಿನ್‌ನಲ್ಲಿ ನೋಡಿದೆ, ಹಸಿರು ಒಬ್ಬನೇ ರಿಯಾಕ್ಟರ್‌ನಲ್ಲಿದ್ದ" ಅಂತ ಯಾರಾದರೂ ಅಂದರೆ ತಕ್ಷಣ ಕೇಳಿ, ಬಣ್ಣ ಹೇಗೆ ಗೊತ್ತಾಯಿತು? ಹೊಸಬರೂ ಹೀಗೆ ತಪ್ಪಿ ಹೇಳುತ್ತಾರೆ, ಹಾಗಾಗಿ ಉತ್ತರ ಕೇಳಿ ಆಮೇಲೆ ತೀರ್ಮಾನ ಮಾಡಿ.

ನಾಲ್ಕನೆಯದು: ದೇಹ ಸಿಕ್ಕಾಗ ಜಾಗ ಹೇಳಬೇಡಿ

ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟ ಉಪಾಯ. ರಿಪೋರ್ಟ್ ಮಾಡಿದವರು ಸಾಮಾನ್ಯವಾಗಿ ಮೀಟಿಂಗ್ ಶುರುವಾದ ಕೂಡಲೇ "ಎಲೆಕ್ಟ್ರಿಕಲ್! ಎಲೆಕ್ಟ್ರಿಕಲ್ ಒಳಗೆ!" ಅಂತ ಕೂಗುತ್ತಾರೆ. ಕೂಗಿದ ತಕ್ಷಣ ಇಂಪಾಸ್ಟರ್‌ಗೆ ಗೊತ್ತಾಗುತ್ತದೆ ತಾನು ಎಲ್ಲಿ ಇರಲಿಲ್ಲ ಅಂತ ಹೇಳಬೇಕು ಎಂದು. ಅದರ ಬದಲು ಹತ್ತು ಸೆಕೆಂಡ್ ತಡೆದು, "ದೇಹ ಸಿಕ್ಕಿದೆ, ಎಲ್ಲಿ ಅಂತ ಆಮೇಲೆ ಹೇಳ್ತೀನಿ. ಒಬ್ಬೊಬ್ಬರೇ ಹೇಳಿ, ಈಗ ಎಲ್ಲಿದ್ರಿ, ಅದಕ್ಕೆ ಮುಂಚೆ ಎಲ್ಲಿದ್ರಿ, ದಾರಿಯಲ್ಲಿ ಯಾರು ಸಿಕ್ಕರು?" ಅಂತ ಕೇಳಿ. ಕಮ್ಮಿ ಮಾತಾಡುವವರಿಗೆ ಮೊದಲು ಅವಕಾಶ ಕೊಡಿ, ಇಲ್ಲದಿದ್ದರೆ ಅವರ ಸರದಿ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ.

ಆಗ ಗಾದೆಯ ಕಳ್ಳ ನಿಜವಾಗಿ ಹೆಗಲು ಮುಟ್ಟಿಕೊಳ್ಳುತ್ತಾನೆ. ಜಾಗದ ಹೆಸರನ್ನೇ ಯಾರೂ ಎತ್ತಿಲ್ಲ, ಆದರೆ ಒಬ್ಬರು "ನಾನಂತೂ ಈ ಸಲ ಎಲೆಕ್ಟ್ರಿಕಲ್ ಕಡೆ ತಲೆನೇ ಹಾಕಿಲ್ಲಪ್ಪ" ಅಂದುಬಿಡುತ್ತಾರೆ. ದೇಹ ಇದ್ದದ್ದು ಎಲೆಕ್ಟ್ರಿಕಲ್‌ನಲ್ಲಿ. ಹೆಗಲ ಮೇಲಿನ ಬೂದಿ ಅಂದರೆ ಇದು, ನಡುಗುವ ದನಿ ಅಲ್ಲ.

ದಾರಿಯಲ್ಲಿ ಯಾರು ಸಿಕ್ಕರು ಅನ್ನುವ ಪ್ರಶ್ನೆಯನ್ನು ಬಿಡಬೇಡಿ. ಜಾಗದ ಬಗ್ಗೆ ಸುಳ್ಳು ಹೇಳುವುದು ಸುಲಭ, ಇನ್ನೊಬ್ಬರನ್ನು ಸೇರಿಸಿ ಸುಳ್ಳು ಹೇಳುವುದು ಕಷ್ಟ, ಯಾಕೆಂದರೆ ಆ ಇನ್ನೊಬ್ಬರು ಅಲ್ಲೇ ಕೂತಿರುತ್ತಾರೆ. "ನೇವಿಯಲ್ಲಿದ್ದೆ" (ಅಂದರೆ ನ್ಯಾವಿಗೇಷನ್) ಅಂದವರನ್ನು ನೇವಿಗೆ ಹೋದವರು ಯಾರೂ ನೋಡಿಲ್ಲ ಅಂದರೆ ಕಥೆ ಅಲ್ಲೇ ಹರಿಯಿತು. ಇಬ್ಬರ ಮಾತು ಅಕ್ಷರ ಅಕ್ಷರ ಹೊಂದಿಕೊಂಡು, ಅವರಿಬ್ಬರನ್ನು ಮೂರನೆಯವರು ಯಾರೂ ನೋಡದೆ ಇದ್ದರೆ ಅದೂ ಅನುಮಾನಕ್ಕೆ ಜಾಗ. ಇಂಪಾಸ್ಟರ್‌ಗಳಿಗೆ ತಮ್ಮ ಜೊತೆಗಾರ ಯಾರು ಅಂತ ಮೊದಲೇ ಗೊತ್ತಿರುತ್ತದಲ್ಲ.

ಐದನೆಯದು: ಲೈಟ್ ಹೋದಾಗ ಯಾರಿಗೆ ಕಣ್ಣು ಕಂಡಿತು

ಇಂಪಾಸ್ಟರ್ ನೌಕೆಯಲ್ಲಿ ಏನಾದರೂ ಕೆಡಿಸುವುದಕ್ಕೆ ಸಬೊಟಾಜ್ ಅನ್ನುತ್ತಾರೆ. ಲೈಟ್ ಸಬೊಟಾಜ್ ಆದಾಗ ಕ್ರೂಮೇಟ್‌ಗೆ ತನ್ನ ಸುತ್ತ ಒಂದು ಚಿಕ್ಕ ವೃತ್ತ ಬಿಟ್ಟರೆ ಏನೂ ಕಾಣುವುದಿಲ್ಲ. ಇಂಪಾಸ್ಟರ್‌ಗೆ ಎಂದಿನಂತೆ ಕಾಣುತ್ತದೆ. ಇದು ಎಲ್ಲರಿಗೂ ಗೊತ್ತು, ಆದರೆ ಮೀಟಿಂಗ್‌ನಲ್ಲಿ ಇದನ್ನು ಬಳಸುವವರು ಕಮ್ಮಿ.

ಅತ್ತಿಗೆಯನ್ನು ನಾನೇ ಮತ್ತೆ ಕರೆದುಕೊಂಡು ಬಂದೆ, ನಿಯಮ ಎಲ್ಲ ಹೇಳಿಕೊಟ್ಟು. ಮೂರನೇ ಶನಿವಾರ. ಐದು ಜನ ಉಳಿದಿದ್ದೆವು. ಲೈಟ್ ಹೋಗಿತ್ತು, ಸರಿ ಮಾಡೋಕೆ ಎಲ್ಲರೂ ಎಲೆಕ್ಟ್ರಿಕಲ್ ಕಡೆ ಹೊರಟಿದ್ದೆವು, ಅಷ್ಟರಲ್ಲಿ ಸ್ಟೋರೇಜ್‌ನಲ್ಲಿ ದೇಹ. ದೊಡ್ಡಪ್ಪನ ಮಗ ಬಹಳ ಚೆನ್ನಾಗಿ ಮಾತಾಡುತ್ತಾನೆ, ಎಲ್ಲರಿಗಿಂತ ಮುಂಚೆ ಶುರು ಮಾಡಿದ. ತಾನು ಅಡ್ಮಿನ್ ಬಾಗಿಲಲ್ಲಿ ಇದ್ದೆ, ಹಳದಿ ಸ್ಟೋರೇಜ್‌ನ ಕೆಳಗಿನ ಮೂಲೆಯಿಂದ ಓಡಿದ್ದನ್ನು ಅಲ್ಲಿಂದಲೇ ನೋಡಿದೆ ಅಂದ. ದನಿಯಲ್ಲಿ ಒಂದು ಚೂರೂ ಅಳುಕಿಲ್ಲ. ನಾನು ಹಳದಿಗೆ ವೋಟ್ ಒತ್ತುವುದರಲ್ಲಿದ್ದೆ. ಆಗ ಅತ್ತಿಗೆ ಮೆಲ್ಲಗೆ, "ಭಾವ, ಲೈಟ್ ಹೋಗಿತ್ತಲ್ವಾ, ನಿಮಗೆ ಅಷ್ಟು ದೂರ ಹೇಗೆ ಕಾಣಿಸ್ತು?" ಅಂದರು.

ಎರಡು ಸೆಕೆಂಡ್ ಕಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಅವನು "ಇಲ್ಲ ಇಲ್ಲ, ಹತ್ತಿರ ಹೋಗಿದ್ದೆ" ಅಂದ. ಹತ್ತಿರ ಹೋಗಿದ್ದರೆ ದೇಹವೇ ಕಾಣಬೇಕಿತ್ತು, ರಿಪೋರ್ಟ್ ಯಾಕೆ ಮಾಡಲಿಲ್ಲ? ನಾಲ್ಕೂ ವೋಟ್ ಅವನಿಗೇ ಬಿತ್ತು, ಅವನೇ ಆಗಿದ್ದ.

ಈ ಬಗೆಯ ಪ್ರಶ್ನೆಗೆ ದೊಡ್ಡ ದನಿ ಬೇಕಾಗಿಲ್ಲ. ಲೈಟ್ ಹೋಗಿದ್ದಾಗ ಯಾರು ಯಾರನ್ನು ಎಷ್ಟು ದೂರದಿಂದ ನೋಡಿದರು ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಸಬೊಟಾಜ್ ವಿಷಯಕ್ಕೆ ಬಂದಾಗ ಇನ್ನೊಂದು. ರಿಯಾಕ್ಟರ್‌ಗೆ ಓಡಿ ಬಂದು ಕೈ ಇಟ್ಟವರು ಒಳ್ಳೆಯವರು ಅಂತ ನಂಬಿಬಿಡಬೇಡಿ, ಇಂಪಾಸ್ಟರ್ ಕೂಡ ಸಬೊಟಾಜ್ ಸರಿ ಮಾಡಬಹುದು. ನಿಮ್ಮ ಜೊತೆ ಒಬ್ಬರೇ ಅರ್ಧ ನಿಮಿಷ ಇದ್ದು ಕೊಲ್ಲಲಿಲ್ಲ ಅನ್ನುವುದೂ ಸಾಕ್ಷಿ ಅಲ್ಲ. ಒಂದು ಕೊಲೆ ಆದಮೇಲೆ ಮುಂದಿನದಕ್ಕೆ ಕಾಯಬೇಕು, ಮೀಟಿಂಗ್ ಆದಮೇಲೂ ಆ ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತದೆ. ಕೆಲವರು ಬೇಕಂತಲೇ ಒಬ್ಬರನ್ನು ಜೊತೆಯಲ್ಲಿಟ್ಟುಕೊಂಡು ಓಡಾಡುತ್ತಾರೆ, ಕೊನೆಯಲ್ಲಿ ಆ ಒಬ್ಬರು "ಇವನು ಪಕ್ಕಾ ಒಳ್ಳೆಯವನು, ನನ್ನ ಜೊತೆನೇ ಇದ್ದ" ಅಂತ ಜಾಮೀನು ಕೊಡಲಿ ಅಂತ. ಅಂಥ ಜಾಮೀನು ಸಿಕ್ಕಾಗ ಕೇಳಬೇಕಾದ್ದು ಒಂದೇ: ಒಂದು ಕ್ಷಣವೂ ಕಣ್ಣು ಬಿಡದೆ ನೋಡಿದೆಯಾ, ಅಥವಾ ನಡುವೆ ನೀನೂ ಟಾಸ್ಕ್ ತೆಗೆದಿದ್ದೆಯಾ? ಟಾಸ್ಕ್ ತೆಗೆದಿದ್ದರೆ ಸ್ಕ್ರೀನ್‌ನ ಬಹುಪಾಲು ಮುಚ್ಚಿರುತ್ತದೆ.

ಆರನೆಯದು: ವೋಟ್ ಲೆಕ್ಕ

ಇಂಪಾಸ್ಟರ್‌ಗಳ ಸಂಖ್ಯೆ ಉಳಿದವರ ಸಂಖ್ಯೆಗೆ ಸಮ ಆದರೆ ಆಟ ಅವರದ್ದು. ಹತ್ತು ಜನರ ಆಟದಲ್ಲಿ ಇಬ್ಬರು ಇಂಪಾಸ್ಟರ್ ಅಂದುಕೊಳ್ಳಿ. ಏಳು ಜನ ಉಳಿದು ಇಬ್ಬರೂ ಇನ್ನೂ ಸಿಕ್ಕಿಲ್ಲ. ಈಗ ತಪ್ಪಾಗಿ ಒಬ್ಬರನ್ನು ಹೊರಗೆ ಹಾಕಿದರೆ ನಾಲ್ಕು ಜನ ಕ್ರೂ, ಇಬ್ಬರು ಇಂಪಾಸ್ಟರ್. ಮೀಟಿಂಗ್ ಆದಮೇಲೆ ಇಬ್ಬರೂ ಒಂದೊಂದು ಕೊಲೆ ಮಾಡಿದರೆ ಮುಗಿಯಿತು, ಇನ್ನೊಂದು ಮೀಟಿಂಗ್ ಕೂಡ ಸಿಗುವುದಿಲ್ಲ. ಅದಕ್ಕೇ ಏಳು ಜನ ಇದ್ದಾಗ ಕೈಯಲ್ಲಿ ಸಾಕ್ಷಿ ಏನೂ ಇಲ್ಲದಿದ್ದರೆ ಸ್ಕಿಪ್ ಮಾಡಿ, ಅಂದರೆ ಯಾರ ಮೇಲೂ ವೋಟ್ ಹಾಕಬೇಡಿ. "ಸುಮ್ನೆ ಒಬ್ಬರನ್ನ ಹಾಕಿ ನೋಡೋಣ" ಅನ್ನುವವರ ಮಾತನ್ನು ಈ ಹೊತ್ತಿನಲ್ಲಿ ಬರೆದಿಟ್ಟುಕೊಳ್ಳಿ, ಅವರಿಗೆ ಆತುರ ಯಾಕೆ ಅಂತ. ಆದರೆ ಐದು ಜನ ಉಳಿದು ಇಬ್ಬರೂ ಇದ್ದರೆ ಸ್ಕಿಪ್ ಮಾಡುವ ಹಾಗಿಲ್ಲ, ಒಂದೇ ಕೊಲೆಗೆ ಆಟ ಹೋಗುತ್ತದೆ. ಮೂರು ಜನ ಉಳಿದು ಒಬ್ಬ ಇಂಪಾಸ್ಟರ್ ಇದ್ದಾಗಲೂ ಅಷ್ಟೇ.

ಹೊರಗೆ ಹೋದವರು ಯಾರು ಅಂತ ಆಟ ತೋರಿಸಿದಾಗ, ಹಿಂದಿನ ಮೀಟಿಂಗ್‌ಗಳನ್ನು ನೆನಪಿಸಿಕೊಳ್ಳಿ. ಒಬ್ಬ ಇಂಪಾಸ್ಟರ್ ಸಿಕ್ಕಿದ ಅಂದರೆ, ಅವನ ಮೇಲೆ ಅನುಮಾನ ಬಂದಾಗ ಮಾತು ಬೇರೆ ಕಡೆ ತಿರುಗಿಸಿದವರು ಯಾರು, ಕೊನೆಯ ಕ್ಷಣದಲ್ಲಿ, ಹೇಗೂ ಹೋಗುತ್ತಾನೆ ಅಂತ ಖಾತ್ರಿ ಆದಮೇಲೆ ವೋಟ್ ಹಾಕಿದವರು ಯಾರು? ವೋಟ್ ಸಮ ಸಮ ಬಿದ್ದರೆ ಯಾರೂ ಹೊರಗೆ ಹೋಗುವುದಿಲ್ಲ, ಹಾಗಾಗಿ ಬೇಕಂತಲೇ ಇನ್ನೊಬ್ಬರ ಹೆಸರು ಎತ್ತಿ ವೋಟ್ ಒಡೆಯುವುದು ಜೊತೆಗಾರನನ್ನು ಉಳಿಸುವ ಹಳೆಯ ದಾರಿ. ಪೆನ್ನು ಹಾಳೆ ಪಕ್ಕದಲ್ಲಿಟ್ಟುಕೊಂಡು ಪ್ರತಿ ಮೀಟಿಂಗ್‌ಗೆ ಎರಡು ಸಾಲು ಬರೆದುಕೊಳ್ಳಿ, ಯಾರು ಎಲ್ಲಿದ್ದೆ ಅಂದರು, ಯಾರ ಮೇಲೆ ಬೆರಳು ತೋರಿಸಿದರು. ನಾನು ಹಾಲಿನ ಲೆಕ್ಕ ಬರೆಯುವ ಹಳೆಯ ಕ್ಯಾಲೆಂಡರ್ ಹಿಂದೆ ಬರೆಯುತ್ತೇನೆ. ಎರಡನೇ ಮೀಟಿಂಗ್‌ನಲ್ಲಿ "ಷೀಲ್ಡ್ಸ್‌ನಲ್ಲಿದ್ದೆ" ಅಂದವರು ನಾಲ್ಕನೇ ಮೀಟಿಂಗ್‌ನಲ್ಲಿ ಆ ಹೊತ್ತಿಗೆ ವೆಪನ್ಸ್‌ನಲ್ಲಿದ್ದೆ ಅಂದರೆ ಹಾಳೆ ಮರೆಯುವುದಿಲ್ಲ.

ಮೂರು ಜನ ಉಳಿದಾಗ

ಇಲ್ಲಿ ಹೊಸ ಸಾಕ್ಷಿ ಸಿಗುವುದು ಕಮ್ಮಿ, ಇಬ್ಬರೂ ನಿಮ್ಮನ್ನೇ ಒಲಿಸಿಕೊಳ್ಳುತ್ತಿರುತ್ತಾರೆ. ಆಗ ಜೋರಾಗಿ ಮಾತಾಡುವವರ ಕಡೆ ಮನಸ್ಸು ವಾಲುತ್ತದೆ, ನನಗೂ ಆಗುತ್ತದೆ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಈ ಆಟದಲ್ಲಿ ಯಾವ ಟಾಸ್ಕ್ ಮಾಡಿದೆ, ಯಾವ ಕ್ರಮದಲ್ಲಿ? ನಿಜವಾಗಿ ಮಾಡಿದವರು ಅಡ್ಡಾದಿಡ್ಡಿ ನೆನಪಿಸಿಕೊಂಡರೂ ದಾರಿ ಸರಿ ಇರುತ್ತದೆ, ಡೌನ್‌ಲೋಡ್ ಆದಮೇಲೆ ಅಪ್‌ಲೋಡ್, ಎಂಜಿನ್‌ಗೆ ಹಾಕುವ ಮುಂಚೆ ಸ್ಟೋರೇಜ್‌ನಿಂದ ಇಂಧನ. ನಿಮ್ಮ ಹಾಳೆಯ ಜೊತೆ ತಾಳೆ ನೋಡಿ, ಯಾರ ದಾರಿ ಹರಿದಿದೆಯೋ ಅವರಿಗೆ ವೋಟ್ ಹಾಕಿ.

ನೀವೇ ಹೊರಗೆ ಹೋದರೆ ಅಥವಾ ಸತ್ತರೆ, ಕಾಲ್‌ನಲ್ಲಿ ತಕ್ಷಣ ಮ್ಯೂಟ್ ಮಾಡಿಕೊಳ್ಳಿ, ಒಂದು "ಅಯ್ಯೋ" ಕೂಡ ಸುಳಿವಾಗುತ್ತದೆ. ಆಮೇಲೆ ನಿಮ್ಮ ಉಳಿದ ಟಾಸ್ಕ್‌ಗಳನ್ನು ಮುಗಿಸಿ. ದೆವ್ವ ಆಗಿ ಮಾಡಿದ್ದೂ ಬಾರ್‌ಗೆ ಸೇರುತ್ತದೆ, ಎಲ್ಲರ ಟಾಸ್ಕ್ ಮುಗಿದರೆ ಇಂಪಾಸ್ಟರ್ ಸಿಗದಿದ್ದರೂ ಕ್ರೂ ಗೆಲ್ಲುತ್ತದೆ. ಮೊದಲ ಶನಿವಾರ ಮೂರು ಸಲ ಹೊರಗೆ ಹೋದಾಗಲೂ ಅತ್ತಿಗೆ ತಮ್ಮ ಪಟ್ಟಿಯನ್ನು ಪೂರ್ತಿ ಮುಗಿಸಿದ್ದರಂತೆ, ನಮಗೆ ಗೊತ್ತಾಗಿದ್ದು ಆಮೇಲೆ.